ಎರಡು ಕಬ್ಬಿಣದ ಗೋಡೆ

ಜೀಪು ಕುಲುಕುತ್ತದೆ, ಹೊಟ್ಟೆ ಕುಲುಕುತ್ತದೆ, ಒಳಗಿನದು ಮಾತ್ರ ಕದಲುವುದಿಲ್ಲ — ದೇವದುರ್ಗ ಬಿಟ್ಟಾಗಿನಿಂದ ಅಂಗೈ ಒತ್ತಿಕೊಂಡೇ ಕೂತಿದ್ದೇನೆ, ಒಂದು ಒದೆ, ಒಂದೇ ಒಂದು, ನಿನ್ನೆ ಒದೆದೆಯಲ್ಲ ಕೂಸೇ, ಎಂಟನೆಯ ತರಗತಿಯ ಹಲಗೆಯ ಮೇಲೆ ನಾನು ಉಗಿಹಡಗು ಬರೆಯುತ್ತಿದ್ದಾಗ ಸೀಮೆಸುಣ್ಣ ಕೈಜಾರುವಂತೆ ಒದೆದೆ, ಹುಡುಗಿಯರೆಲ್ಲ ನಕ್ಕರು. ಎಪ್ಪತ್ತೆಂಟರಲ್ಲಿ ನೌಕರಿ ಸಿಕ್ಕಾಗಿನಿಂದ ಪ್ರತಿವರ್ಷ ಹೇಳುವ ಪಾಠ. ಕಬ್ಬಿಣ ಹ್ಯಾಂಗ ತೇಲತದ್ರೀ ಟೀಚರ್, ಬೂದೆಮ್ಮ ಕೇಳಿದಳು, ಟೊಳ್ಳಿದ್ದರೆ ತೇಲುತ್ತದೆ ಅಂದೆ, ಸಾಗರ ದಾಟುವಷ್ಟು ಕಲ್ಲಿದ್ದಲು ಹೊರಬೇಕಲ್ಲ, ಅದಕ್ಕೇ ಅಷ್ಟು ದೊಡ್ಡ ಹಡಗು ಕಟ್ಟಿದರು, ಒಂದರೊಳಗೊಂದು ಎರಡು ಕಬ್ಬಿಣದ ಗೋಡೆ, ನಡುವಿನ ಸಂದಿಯಲ್ಲಿ ಆಳು ಕೂತು ಕಾದ ಮೊಳೆ ಒತ್ತಿ ಹಿಡಿಯಬೇಕು, ಹೊರಗಿನವರು ಬಡಿಯಬೇಕು — ಒಬ್ಬ ಒಳಗಿರುವಾಗಲೇ ಗೋಡೆ ಮುಚ್ಚಿಬಿಟ್ಟರೆಂದು ಜನ ಆಡಿಕೊಳ್ಳುತ್ತಿದ್ದರು, ಬರೇ ಕಥೆ ಅಂದೆ. ಬೂದೆಮ್ಮ ಬಿಡಲಿಲ್ಲ, ಅಂವ ಒಳಗಿಂದ ಬಡದಿರಬೇಕಲ್ರೀ, ಯಾರಿಗೂ ಕೇಳಲಿಲ್ಲೇನ್ರೀ? ಹೊರಗೆ ಅಷ್ಟು ಸುತ್ತಿಗೆ, ಯಾರಿಗೆ ಕೇಳೀತು. ತುಂಬಿದ ಬಸುರಿ ನಾನು, ಯಾಕೆ ಹೇಳಿದೆ ಅದನ್ನು — ಗಬ್ಬೂರು ದಾಟಿತು, ಸಾವಕಾಶ ಹೊಡೀಪಾ ಎನ್ನುತ್ತಾರೆ ನನ್ನ ಗಂಡ ಡ್ರೈವರಿಗೆ, ಮರುಕ್ಷಣವೇ ಜಲ್ದಿ ಹೊಡಿ ಎನ್ನುತ್ತಾರೆ, ಬೆಳಿಗ್ಗೆಯಿಂದ ಒದ್ದಿಲ್ಲ ಅಂದಾಗ ಕೂಸು ಮಲಗೇದ ಬಿಡವಾ ಅಂದಿದ್ದಳು ಕಲ್ಲೂರಿನಿಂದ ಬಾಣಂತನಕ್ಕೆ ಬಂದ ಅವ್ವ, ನಂಬಿದೆ, ನಂಬಿ ರೊಟ್ಟಿ ತಿಂದೆ.

ರಾಯಚೂರು, ದವಾಖಾನೆ, ಫಿನಾಯಿಲ್ ವಾಸನೆ, ತಣ್ಣನೆಯ ಮಂಚ — ಸುಮ್ಕಿರ್ರೀ, ಯಾರೂ ಮಾತಾಡಬ್ಯಾಡ್ರಿ, ನರ್ಸ್ ಹಾಜಿರಾ ಬೀ ತುತ್ತೂರಿಯಂಥ ಸಣ್ಣ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕಿವಿ ಒತ್ತಿದಳು, ಎಡಕ್ಕೆ, ಕೆಳಕ್ಕೆ, ಮತ್ತೆ ಎಡಕ್ಕೆ, ಹೊರಗೆ ಯಾವುದೋ ಲಾರಿಯ ಹಾರನ್ನು, ಯಾರೋ ಬಕೆಟ್ ಎಳೆದರು, ಎಳೆಯಬೇಡಿ, ಅವಳಿಗೆ ಕೇಳಬೇಕು, ಬಡಿ ಕೂಸೇ ಬಡಿ, ನಿನ್ನವ್ವ ಕಬ್ಬಿಣವಲ್ಲ — ಏನಾರ ಕೇಳಾಕತ್ತದೇನ್ರೀ ಸಿಸ್ಟರ್, ನನ್ನ ಗಂಡನ ದನಿ. ಆಕೆ ತಲೆಯೆತ್ತಿದಳು, ನನ್ನ ಕೈ ಹಿಡಿದಳು, ಏನೂ ಕೇಳವಲ್ದು ತಂಗೀ, ಕೂಸು ಹೋಗೇದ. ಹೋಗಿದೆ ಅಂದರೆ ಎಲ್ಲಿಗೆ, ಒಳಗೇ ಇದೆಯಲ್ಲ, ಇನ್ನೂ ನಾನು ಹೆರಬೇಕಲ್ಲ — ಸೊಂಟದಿಂದ ನೋವು ಏಳುತ್ತಿದೆ, ಇದನ್ನೆಲ್ಲ ಪಡಬೇಕು, ಪಟ್ಟ ಮೇಲೂ ಅಳುವವರಿಲ್ಲ — ಹಾಜಿರಾ ಬೀ ಏನೋ ಹೇಳುತ್ತಲೇ ಇದ್ದಾಳೆ, ಧೈರ್ಯ ಎನ್ನುತ್ತಾಳೆ, ಡಾಕ್ಟರ್ ಎನ್ನುತ್ತಾಳೆ, ನನಗೆ ಕಾಣುವುದು ಆಕೆಯ ಕಿವಿ, ಕೊಳವೆ ಒತ್ತಿ ಒತ್ತಿ ಕಿವಿಯ ಮೇಲೆ ಮೂಡಿದ ಕೆಂಪು ಉಂಗುರ, ಆ ಕಿವಿ, ಕೆಂಪು ಉಂಗುರ, ಆ ಕಿವಿ