ಗರಗಸಕ್ಕೆ ಒಡೆದ ಕುಂಬಳಕಾಯಿ

ಒಮಾನಿನ ಸುವೈಕ್‌ನ ಆ ಮರಗೆಲಸದ ಶೆಡ್ಡಿನಲ್ಲಿ ದಿನದ ಮೊದಲ ಕೆಲಸ ಫೋರ್‌ಮನ್ ಸಂಕಪ್ಪನದು. ಬಾಗಿಲು ತೆಗೆದವನೇ ದೊಡ್ಡ ಗರಗಸದ ಯಂತ್ರಕ್ಕೆ ಕುಂಕುಮದ ಬೊಟ್ಟಿಟ್ಟು ಕೈಮುಗಿಯುತ್ತಿದ್ದ. ಆಮೇಲೆ ಕರೆಂಟು ತೆಗೆದು, ಬ್ಲೇಡಿನ ಒಂದು ಹಲ್ಲಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಅಲ್ಲಿಂದ ಫೆನ್ಸ್‌ಗೆ, ಅಂದರೆ ಹಲಗೆ ಒರಗಿಕೊಂಡು ಸಾಗುವ ಉದ್ದನೆಯ ಪಟ್ಟಿಗೆ, ಎಷ್ಟು ದೂರವೆಂದು ಅಳೆಯುತ್ತಿದ್ದ. ಅದೇ ಹಲ್ಲನ್ನು ಕೈಯಿಂದ ಹಿಂಬದಿಗೆ ತಿರುಗಿಸಿ ಮತ್ತೊಮ್ಮೆ ಅಳೆಯುತ್ತಿದ್ದ. ಎರಡೂ ಒಂದೇ ಬಂದರೆ ಪಟ್ಟಿ ನೇರ. ಹಿಂದೆ ಸ್ವಲ್ಪ ಕಡಿಮೆ ಬಂದರೂ ಹಲಗೆ ಇಕ್ಕಟ್ಟಿಗೆ ಸಿಕ್ಕಿ ತಳ್ಳುವವನ ಮೇಲೇ ಎಗರುತ್ತದೆ. ಆಗ ಕೈ ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಲಾರರು.

ಎಣ್ಣೆಯ ಬೆಲೆ ಕುಸಿದ ವರ್ಷಗಳವು. ಮಸ್ಕತ್ತಿನ ಬೌಷರ್‌ನ ಹೊಸ ಫ್ಲ್ಯಾಟುಗಳಿಗೆ ಅಡುಗೆಮನೆಯ ಕಪಾಟು ಮಾಡಿಸುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಹಿಂದೆ ಸರಿದರು. ಕಫೀಲ್, ಅಂದರೆ ವೀಸಾ ಕೊಟ್ಟ ಒಮಾನಿ ಮಾಲೀಕರು, ಶೆಡ್ಡಿನ ಅರ್ಧ ಜನರ ವೀಸಾ ಕ್ಯಾನ್ಸಲ್ ಮಾಡಿ ಊರಿನ ವಿಮಾನ ಹತ್ತಿಸಿದರು. ಉಳಿದವರು ಇಬ್ಬರ ಕೆಲಸವನ್ನು ಒಬ್ಬರೇ ಮಾಡುತ್ತ, ಮುಂದಿನ ಸರದಿ ಯಾರದೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ಸಂಕಪ್ಪನವರೇ, ದಿನಾ ಈ ಅಳತೆ ಶಾಸ್ತ್ರ ಯಾಕ್ರೀ?" ಎಂದಿದ್ದರು ಮೈಸೂರು ಕಡೆಯ ಮ್ಯಾನೇಜರ್ ಹೊನ್ನಪ್ಪ. "ನಿನ್ನೆ ನೆಟ್ಟಗಿದ್ದದ್ದು ಇವತ್ತು ಸೊಟ್ಟ ಆಗುತ್ತಾ? ಕಫೀಲ್ ಕ್ಯಾಮೆರಾದಲ್ಲಿ ನೋಡ್ತಾ ಇರ್ತಾರೆ. ಜನ ಸುಮ್ನೆ ನಿಂತಿದ್ದಾರೆ ಅಂತ ನನ್ನ ಕೇಳ್ತಾರೆ."

ಸಂಕಪ್ಪ ಅಳೆಯುವುದನ್ನು ಬಿಟ್ಟ. ಬೆರಳು ತಾಗದಂತೆ ಬ್ಲೇಡಿನ ಮೇಲಿದ್ದ ಗಾರ್ಡೂ ಕೆಲಸಕ್ಕೆ ಅಡ್ಡಿಯೆಂದು ಮೂಲೆ ಸೇರಿತು. ಕುಂಕುಮಕ್ಕೆ ಮಾತ್ರ ಯಾರ ಆಕ್ಷೇಪವೂ ಇರಲಿಲ್ಲ, ಅದು ನಿಲ್ಲಲಿಲ್ಲ. ಕೆಲವು ದಿನಗಳಿಂದ ಕೊಯ್ದ ಹಲಗೆಗಳ ಅಂಚು ಕಪ್ಪಗೆ ಸುಟ್ಟು ಬರುತ್ತಿತ್ತು. ಪಟ್ಟಿ ಓರೆಯಾದರೆ ಹಾಗಾಗುತ್ತದೆಂದು ಸಂಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ನಾಳೆ ನೋಡಿದರಾಯಿತು ಎಂದುಕೊಂಡ. ಆ ನಾಳೆ ಬರುವ ಮೊದಲೇ ಹಲಗೆಯೊಂದು ಎಗರಿ, ಅದನ್ನು ತಳ್ಳುತ್ತಿದ್ದ ಬಡಗಿ ಮುಹಿಯುದ್ದೀನನ ಬಲಗೈಯ ಮೂರು ಬೆರಳು ಹೋದವು.

ಶೆಡ್ಡಿನಲ್ಲಿ ಅವನಷ್ಟು ಹದವಾದ ಕೈ ಇನ್ನೊಬ್ಬರದಿರಲಿಲ್ಲ. ಅವನು ಆಸ್ಪತ್ರೆಯಲ್ಲಿದ್ದಾಗ ಮಸ್ಕತ್ತಿನಿಂದ ಬೂದುಗುಂಬಳಕಾಯಿ ತರಿಸಿ ಯಂತ್ರಕ್ಕೆ ದೃಷ್ಟಿ ತೆಗೆದು ಒಡೆದರು. ಒಡೆದವನು ಸಂಕಪ್ಪನೇ. ಯಾರದೋ ಕಣ್ಣು ಬಿದ್ದಿದೆ ಎಂದ ಒಬ್ಬ. ಹಣೆಬರಹ ಎಂದ ಇನ್ನೊಬ್ಬ. ಕೆಲಸಗಾರನ ಅಜಾಗ್ರತೆ ಎಂದು ಹೊನ್ನಪ್ಪ ಕಫೀಲ್‌ಗೆ ಫೋನಿನಲ್ಲಿ ಹೇಳಿ ಸಂಕಪ್ಪನ ಮುಖ ನೋಡಿದರು. ಸಂಕಪ್ಪ ಹೌದೆಂದು ತಲೆಯಾಡಿಸಿದ. ಮಾಡಿದ ಶಾಂತಿಯೇನೋ ಸಾಂಗವಾಗಿ ಆಯಿತು, ಪಟ್ಟಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ! ಅಳೆದರೆ ಗೊತ್ತಾಗಿಬಿಡುತ್ತದಲ್ಲ ಎಂಬ ಭಯ ಸಂಕಪ್ಪನಿಗೆ. ಬೇರೆ ಯಾರನ್ನೂ ಯಂತ್ರದ ಹತ್ತಿರ ಬಿಡದೆ ತಾನೇ ಕೊಯ್ಯುತ್ತಿದ್ದ. ಅವನ ಊಟ ತಟ್ಟೆಯಲ್ಲೇ ಉಳಿಯುತ್ತಿತ್ತು.

ಊರಿಗೆ ಹೊರಡುವ ಮುನ್ನಾದಿನ ಮುಹಿಯುದ್ದೀನ್ ತನ್ನ ಉಳಿಗಳನ್ನು ಒಯ್ಯಲು ಬಂದ. ಬಲಗೈಗೆ ದಪ್ಪನೆಯ ಬ್ಯಾಂಡೇಜು. ಉಳಿಗಳನ್ನು ಎಡಗೈಯಲ್ಲೇ ತಡಕಾಡುತ್ತ ಬಟ್ಟೆಯಲ್ಲಿ ಸುತ್ತಿದ.

"ಇನ್ನು ಇದೆಲ್ಲ ಎಂತಕ್ಕೆ ಅಂತ ಕೇಳ್ಬೇಡಿ ಸಂಕಪ್ಪಣ್ಣ. ಬಿಟ್ಟು ಹೋಗ್ಲಿಕ್ಕೆ ಮನಸ್ಸು ಬರುವುದಿಲ್ಲ."

"ನೋವು ಉಂಟಾ?"

"ನೋವು ಹೋಗ್ತದೆ. ಆದರೆ ಆವತ್ತು ಕೈ ಹೇಗೆ ಜಾರಿತು ಅಂತಲೇ ಗೊತ್ತಾಗುವುದಿಲ್ಲ. ಎಷ್ಟು ಯೋಚಿಸಿದರೂ ನಾನು ಸರಿಯಾಗಿಯೇ ಹಿಡಿದಿದ್ದೆ ಅಂತ ನೆನಪು. ಎಲ್ಲರೂ ಜಾರಿತು ಅಂತಾರೆ. ಹಾಗಾದರೆ ಜಾರಿರಬೇಕು, ಅಲ್ವಾ? ಈಗ ಎಡಗೈಯಲ್ಲಿ ಚಾ ಗ್ಲಾಸು ಹಿಡಿಯಲಿಕ್ಕೂ ಹೆದರಿಕೆ."

ಬೆರಳು ಹೋದ ಕೈಯ ಜೊತೆಗೆ ಇರುವ ಕೈಯನ್ನೂ ಇವನಿಂದ ಕಿತ್ತುಕೊಂಡೆವಲ್ಲ ಎನಿಸಿತು ಸಂಕಪ್ಪನಿಗೆ. ಅವನು ಹೋಗಿ ಕರೆಂಟು ತೆಗೆದ. ಪೆನ್ಸಿಲಿನಿಂದ ಬ್ಲೇಡಿನ ಹಲ್ಲಿಗೆ ಗುರುತು ಹಾಕಿ ಟೇಪನ್ನು ಮುಹಿಯುದ್ದೀನನಿಗೆ ಕೊಟ್ಟ.

"ನೀನೇ ಅಳೆ ಮಾರಾಯ."

ಒಳಗಿನಿಂದ ಹೊನ್ನಪ್ಪ ಓಡಿಬಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು. "ಬೇಡ ಕಣ್ರೀ ಸಂಕಪ್ಪನವರೇ. ಈಗ ಅಳೆದರೆ ಹೋದ ಬೆರಳು ಬರುತ್ತಾ? ವಿಷಯ ಹೊರಗೆ ಹೋದ್ರೆ ನೀವೂ ಖಲಾಸ್, ನಾನೂ ಖಲಾಸ್. ನನ್ನ ಮಗಳ ಶಾಲೆ ಇಲ್ಲೇ ಇದೆ. ಇನ್ನೆಲ್ಲಿ ಕೆಲಸ ಹುಡುಕ್ಲಿ?"

"ನಿಮ್ಮ ಮಾತು ಸುಳ್ಳಲ್ಲ ಸರ್. ಆದರೆ ಇವ ನಾಳೆ ಹೋಗ್ತಾನೆ. ಹೀಗೆ ಹೋಗಬಾರದು."

ಟೇಪಿನ ಒಂದು ತುದಿಯನ್ನು ಸಂಕಪ್ಪ ಹಿಡಿದ. ಮುಹಿಯುದ್ದೀನ್ ಬಗ್ಗಿ ಮುಂದಿನ ಅಳತೆ ಓದಿದ. ಹಲ್ಲು ಹಿಂದಕ್ಕೆ ತಿರುಗಿತು. ಅಲ್ಲಿಯೂ ಓದಿದ. ಮತ್ತೆ ಮುಂದೆ ಬಂದು ಓದಿದ. ನಂಬಿಕೆ ಬಾರದೆ ಹಿಂದಿನದನ್ನು ಇನ್ನೊಮ್ಮೆ ನೋಡಿದ.

"ಇದು ಓರೆ ಉಂಟು ಸಂಕಪ್ಪಣ್ಣ."

"ಹೌದು. ಆವತ್ತೂ ಓರೆ ಇತ್ತು. ಹಲಗೆ ಸುಟ್ಟು ಬರುವುದನ್ನು ನಾನು ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ."

ಮುಹಿಯುದ್ದೀನ್ ಯಂತ್ರದ ಮೇಜಿಗೆ ಒರಗಿ ನಿಂತ. ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಸಂಕಪ್ಪ ಕಾದ. ಅವನು ಎಡಗೈಯನ್ನು ಮುಖದ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡ. ಕಣ್ಣಿಂದ ನೀರು ಗಡ್ಡಕ್ಕೆ ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಜೇಬಿನಿಂದ ಫೋನು ತೆಗೆದು, ಯಾವುದೋ ನಂಬರು ಒತ್ತಿ, ಸಂಕಪ್ಪನತ್ತ ಚಾಚಿದ.

"ನನ್ನ ಹೆಂಡತಿ. ನಾನು ಹೇಳಿದರೆ ನಂಬುವುದಿಲ್ಲ. ನೀವೇ ಹೇಳಿ."

ಆ ಕಡೆಯಿಂದ ಬೀಫಾತುಮ್ಮಳ ದನಿ ಕೇಳಿತು. ಸಂಕಪ್ಪ ತುಳುವಿನಲ್ಲಿ ಮಾತಾಡಿದ. "ತಂಗೀ, ನಾನು ಇಲ್ಲಿನ ಫೋರ್‌ಮನ್ ಸಂಕಪ್ಪ. ನಿನ್ನ ಗಂಡನ ಕೈ ಜಾರಿದ್ದಲ್ಲ. ಮಿಷನ್ ಸರಿ ಇರಲಿಲ್ಲ."

"ಅದನ್ನು ನೋಡಿಕೊಳ್ಳಬೇಕಾದವರು ಯಾರಣ್ಣ?"

"ನಾನು."

ಹೊನ್ನಪ್ಪ ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ಬೀಫಾತುಮ್ಮ ಬಿಕ್ಕುವುದು ಕೇಳಿಸಿತು.

"ಜಾಗ್ರತೆ ಇಲ್ಲದ ಮನುಷ್ಯ ಅಂತ ದಿನಾ ಫೋನಿನಲ್ಲಿ ಬೈದೆ ಅಣ್ಣ. ಮಕ್ಕಳ ಎದುರಿಗೇ ಬೈದೆ. ಅವರು ಒಂದು ದಿನವೂ ತಿರುಗಿ ಮಾತಾಡಲಿಲ್ಲ."