ಹತ್ತಿರದ ಕೆಲಸ

ಆ ಮನೆಯಲ್ಲಿ ದುಡಿಮೆ ಇಬ್ಬರದು, ಮಾತು ಮಾತ್ರ ಗಂಡನದು. ದಪ್ಪ ಕನ್ನಡಕದ ಹೆಂಡತಿಯನ್ನು ಅವನ ಗೆಳೆಯರು ಸೋಡಾಬುಡ್ಡಿ ಎಂದರೆ ಅವನಿಗೆ ಮೈ ಉರಿಯುತ್ತಿತ್ತು. ಅವಳಿಗೇನೂ ಅನ್ನಿಸುತ್ತಿರಲಿಲ್ಲ. ಮದುವೆಯಾದಾಗಿನಿಂದ ಕಿಟಕಿಯ ಪಕ್ಕ ಕೂತು ಹರಿದ ಬಟ್ಟೆಗೆ ರಫು ಹಾಕುತ್ತಿದ್ದಳು. ಸುಟ್ಟ ಕೋಟು, ಇಲಿ ಕಡಿದ ಶಾಲು, ಏನೇ ತನ್ನಿ, ಕನ್ನಡಕ ತೆಗೆದಿಟ್ಟು, ಬಟ್ಟೆಯನ್ನು ಮೂಗಿನ ತುದಿಗೆ ಹಿಡಿದು ಎಳೆಗೆ ಎಳೆ ಸೇರಿಸಿದಳೆಂದರೆ ತೂತು ಎಲ್ಲಿತ್ತೆಂದು ತಂದವರಿಗೇ ತಿಳಿಯುತ್ತಿರಲಿಲ್ಲ. ಅರ್ಧ ಸಂಸಾರ ಆ ಸೂಜಿಯಿಂದಲೇ ನಡೆಯುತ್ತಿತ್ತು.

ಅವಳಿಗೆ ನಲವತ್ತೈದು ದಾಟಿದ ಮೇಲೆ ಗಂಡನಿಗೆ ಅವಳ ಕನ್ನಡಕ ಬಿಡಿಸುವ ಲೇಸರ್ ಹುಚ್ಚು ಹಿಡಿಯಿತು. ಊಟಕ್ಕೆ ಕೂತರೂ ಅದೇ ಪುರಾಣ.

"ಒಂದ್ರಲ್ಲಿ ಕಣ್ಣಿನ ಮೇಲ್ಪದರ ತೆಗೆದು ಲೇಸರ್ ಬಿಡ್ತಾರೆ, ನೋವು ಜಾಸ್ತಿ. ಇನ್ನೊಂದ್ರಲ್ಲಿ ಮುಚ್ಚಳದ ಥರ ಪದರ ಎತ್ತಿ, ಕೆಲಸ ಮುಗಿಸಿ ಮತ್ತೆ ಮುಚ್ತಾರೆ. ಮೂರನೇದು ಹೊಸದು, ಸಣ್ಣ ಸೀಳಿನಿಂದ ಒಳಗಿನ ಚೂರು ಎಳೆದು ಹಾಕ್ತಾರೆ. ನಿಂಗೆ ಅದೇ ಸರಿ."

"ನಂಗೆ ಕನ್ನಡಕಾನೇ ಸರಿ."

"ನಿಂಗೇನ್ ಗೊತ್ತು, ಸುಮ್ನಿರು."

ಕೊನೆಗೆ ಅವಳನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಡಾಕ್ಟರಮ್ಮ ಒಳ್ಳೆಯವರು, ಅವಳನ್ನೇ ನೋಡಿ ಕೇಳಿದರು. "ಮೂರರಲ್ಲಿ ಯಾವುದಾದ್ರೂ ಅಷ್ಟೇ, ದೂರದ್ದು ಚೆನ್ನಾಗಿ ಕಾಣುತ್ತೆ. ಈ ವಯಸ್ಸಲ್ಲಿ ಹತ್ತಿರದ್ದು ಬರಿಗಣ್ಣಿಗೆ ಮಂಜಾಗುತ್ತೆ. ಕಣ್ಣಿಗೆ ಹತ್ತಿರ ಹಿಡಿದು ಮಾಡೋ ಕೆಲಸ ಏನಾದ್ರೂ ಇದೆಯೇನಮ್ಮ?"

"ಇವಳಿಗೇನ್ ಕೆಲಸ ಡಾಕ್ಟ್ರೇ, ಮನೇಲಿ ಕೂತಿರ್ತಾಳೆ," ಎಂದ ಗಂಡ.

ಹೊರಗಿನವರ ಎದುರು ಅವನ ಮಾತಿಗೆ ಅಡ್ಡ ಬರುವ ಅಭ್ಯಾಸವೇ ಅವಳಿಗಿರಲಿಲ್ಲ. ಬಿಟ್ಟ ಬಾಯಿ ಮುಚ್ಚಿಕೊಂಡಳು. ಆ ಹಾಳು ಸಂಕೋಚ ಅವಳ ಮನೆ ಮುರಿಯಿತು ನೋಡಿ.

ಶಸ್ತ್ರಚಿಕಿತ್ಸೆಗೆ ಹೆಸರಿಡುವಂತಿರಲಿಲ್ಲ. ಕಣ್ಣು ಪೂರ್ತಿ ವಾಸಿಯಾದ ಮೇಲೆ ಗಿರಾಕಿಯ ಕೋಟು ಹಿಡಿದು ಕೂತಳು. ಮೂಗಿನ ತುದಿಗೆ ತಂದರೆ ಬರೀ ಮಂಜು. ಓದುವ ಕನ್ನಡಕ ಹಾಕಿದರೆ ಅಕ್ಷರ ಕಂಡಿತು, ಎಳೆ ಕಾಣಲಿಲ್ಲ. ಇನ್ನೂ ದಪ್ಪದ್ದು ಹಾಕಿದರೆ ತಲೆ ಸುತ್ತಿತು. ಹಾಕಿದ ರಫು ಗಂಟುಗಂಟಾಗಿ ಎದ್ದು ಕಂಡಿತು. ಗಿರಾಕಿ ಕೋಟು ಎತ್ತಿಕೊಂಡು ಹೋದ.

ಅದೇ ಹೊತ್ತಿಗೆ ಗೆಳೆಯನೊಬ್ಬನನ್ನು ಕರೆತಂದ ಗಂಡ ಅವಳನ್ನು ಕಿಟಕಿಯ ಬಳಿ ನಿಲ್ಲಿಸಿದ. "ಬೀದಿ ಕೊನೇಲಿ ಏನ್ ಕಾಣುತ್ತೆ, ಇವನಿಗೆ ಹೇಳು."

ಬೀದಿಯ ಕೊನೆಯಲ್ಲಿ ಆ ಗಿರಾಕಿ ಬೇರೊಬ್ಬ ರಫುಗಾರನ ಮುಂದೆ ಕೋಟು ಬಿಚ್ಚಿಡುತ್ತಿದ್ದ. ಗುಂಡಿಗಳು ಕೂಡ ಕಂಡವು.

"ಹೇಗೆ, ಎಲ್ಲಾ ಕಾಣುತ್ತಲ್ಲ?" ಗಂಡ ಬೀಗಿದ.

"ಕಾಣುತ್ತೆ," ಎಂದಳು, ಆ ಹೊರಗಿನವನ ಎದುರೇ. "ಇಷ್ಟು ವರ್ಷ ಈ ಕಿಟಕಿ ಹತ್ರ ನಾನೇನ್ ಮಾಡ್ತಿದ್ದೆ ಅನ್ನೋದು ನಿಮಗೇ ಕಾಣ್ಲಿಲ್ಲ."