ದೊರೆಸಾನಿ ಕೊಟ್ಟ ಗಡ್ಡೆ

ಅಣ್ಣನನ್ನು ಮದುವೆಯಾಗಿ ಬಂದ ವೈನಿ ಹಿತ್ತಲಲ್ಲಿ ಗಡ್ಡೆ ಹೂಳುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದೆ. ಇರುವೆ ಹತ್ತಬಾರದೆಂದು ಸುತ್ತ ಬೂದಿ, ಅರಿಶಿನ ಉದುರಿಸಿದ್ದಳು. ಮರುದಿನ ಸಗಣಿ ಎತ್ತಲು ಹೋದ ಅವ್ವ ಅದನ್ನು ಕಂಡು ಬುಟ್ಟಿ ಕೆಳಗಿಟ್ಟಳು. ಹೊಸ ಸೊಸೆ, ಕೆದರಿದ ಮಣ್ಣು, ಅರಿಶಿನ. ನಮ್ಮ ಅಕ್ಕಿಆಲೂರಿನಲ್ಲಿ ಇದಕ್ಕೆ ಮಾಟವೆಂದಲ್ಲದೆ ಬೇರೆ ಹೆಸರಿಲ್ಲ.

"ಏನ ಹುಗದೀ ಸರೋಜವ್ವ?"

"ಹೂವಿನ ಗಡ್ಡಿರಿ ಅತ್ತಿ. ಟ್ಯೂಲಿಪ್ ಅಂತಾರ. ದೊರಿಸಾನಿ ಕೊಟ್ಟಾಳ್ರಿ. ಭಾಳ ಚಲೋ ವಾಸನಿ ಬರತೈತಂತ್ರಿ."

"ದೊರಿಸಾನಿಗೆ ನಿನ್ನ ಮ್ಯಾಲ ಯಾಕಷ್ಟ ಅಕ್ಕರತಿ?"

ವೈನಿಯ ಅಪ್ಪ ಬೆಳಗಾವಿ ಕ್ಯಾಂಪಿನ ಇಂಗ್ಲಿಷರ ಬಂಗಲೆಗಳಿಗೆ ಹಾಲು ಹಾಕುವವರು. ಅಲ್ಲಿಯ ದೊರೆಸಾನಿ, ಚಳಿ ತಾಗದೆ ಚಿಗುರುವುದಿಲ್ಲವೆಂದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತಂಪು ಮಾಡಿದ ಗಡ್ಡೆಗಳನ್ನು ಮದುವೆಗೆಂದು ಕೊಟ್ಟಿದ್ದಳಂತೆ. ಅವ್ವ ಕೇಳಿಸಿಕೊಂಡಳು, ನಂಬಲಿಲ್ಲ.

ಗಡ್ಡೆಗಳಲ್ಲಿ ಒಂದೇ ಚಿಗುರಿತು. ಅದೇ ವಾರ ನಮ್ಮ ಎಮ್ಮೆ ಹಾಲು ಕಡಿಮೆ ಮಾಡಿತು. ಪಕ್ಕದ ಮನೆಯ ಸಿದ್ದವ್ವ ಗೋಡೆಯ ಮೇಲಿಂದ ಇಣುಕಿ, "ಹಾಲೆಲ್ಲಾ ಆ ಗಿಡಾನ ಕುಡ್ಯಾಕತ್ತೈತೇನ ನೋಡ್ರಿ ವೀರವ್ವಕ್ಕಾ!" ಎಂದು ನಕ್ಕಳು. ಅವ್ವ ನಗಲಿಲ್ಲ. ಅಂದಿನಿಂದ ವೈನಿ ಬಡಿಸಿದ್ದನ್ನು ಅವಳು ಉಣ್ಣಲಿಲ್ಲ. ಅಣ್ಣನಿಗೂ ನಾನೇ ಬಡಿಸಬೇಕಾಯಿತು.

ಕೊನೆಗೆ ಅವ್ವ ನಮ್ಮೆಲ್ಲರ ಮುಂದೆ ಹೇಳಿದಳು: "ಹೂ ಬಿಡ್ಲಿ. ಇಕಿ ತನ್ನ ಕೈಯಾರೆ ದೇವರಿಗೆ ಏರಸಬೇಕು. ಕೈ ಹಿಂದ ಸರದ್ರ ಅದು ಮಾಟಾನ; ಇಕೀನ್ನ ಗಾಡಿ ಹೂಡಿ ಶಿಗ್ಗಾಂವಕ್ಕ ಒಯ್ದು ಬೆಳಗಾವಿ ಮೋಟಾರ ಹತ್ತಸೂದು. ಮತ್ತ ಈ ಹೊಸ್ತಿಲಾ ತುಳೀಬಾರದು." ಅಣ್ಣ ಉಳವಪ್ಪ ತಲೆ ತಗ್ಗಿಸಿ ಕುಳಿತಿದ್ದ.

ಹಳದಿ ಹೂವು ಅರಳಿದ ಬೆಳಿಗ್ಗೆ ನಾನು ನೀರಿಗೆಂದು ಹಿತ್ತಲಿಗೆ ಹೋದೆ. ವೈನಿ ಮೊಣಕಾಲೂರಿ, ಮೂಗು ಹೂವಿನೊಳಗಿಟ್ಟು ಕಣ್ಣು ಮುಚ್ಚಿದ್ದಳು. ನಮ್ಮಲ್ಲಿ ಗಿಡದ ಮೇಲಿನ ಹೂವನ್ನು ಯಾರೂ ಮೂಸುವುದಿಲ್ಲ. ಮೂಸಿದರೆ ಅದು ಎಂಜಲು, ದೇವರಿಗೆ ಸಲ್ಲದು. ನನ್ನನ್ನು ಕಂಡು ಅವಳ ಮುಖ ಬಿಳಿಚಿತು. ನಾನು ಕೊಡ ಎತ್ತಿಕೊಂಡು ಒಳಗೆ ಬಂದೆ.

ಅವ್ವ ಮಡಿಯಲ್ಲಿ ಹಿತ್ತಲಿಗೆ ಬಂದಳು. ಹಿಂದೆ ಅಣ್ಣ.

"ಹರಕೊಂಡ ಬಾ. ಲಿಂಗದ ಮ್ಯಾಲ ಏರಸು."

ವೈನಿ ಕದಲಲಿಲ್ಲ. "ಬ್ಯಾಡ್ರಿ ಅತ್ತಿ."

"ಯಾಕ?"

ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದಳು.

"ಕಂಡ್ಯಾ ಉಳವಪ್ಪಾ? ದೇವರಂದ್ರ ಹೆದರಿಕಿ ಇಕಿಗೆ. ಗಾಡಿ ಹೂಡು."

ಅಣ್ಣ ಎತ್ತಿನ ಹಗ್ಗಕ್ಕೆ ಕೈ ಹಾಕಿದ. ಹೂವನ್ನು ಹರಿದು ಸುಮ್ಮನೆ ಏರಿಸಿದ್ದರೆ ವೈನಿ ಉಳಿಯುತ್ತಿದ್ದಳು. ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಾನು ಬಾಯಿ ಬಿಡುವವಳಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ಎಂಜಲು ಹೂವನ್ನು ಲಿಂಗಕ್ಕೆ ಮುಟ್ಟಿಸಲು ಅವಳು ಒಲ್ಲಳು.

"ಅವ್ವಾ, ವೈನಿ ಅದನ್ನ ಮೂಸ್ಯಾಳ," ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. "ನಾ ಕಣ್ಣಾರೆ ನೋಡೇನಿ. ಅದಕ್ಕ ದೇವರಿಗೆ ಬ್ಯಾಡ ಅನ್ನಾಕತ್ತಾಳ."

ಅವ್ವ ವೈನಿಯ ಕಡೆ ತಿರುಗಿದಳು. "ಖರೇನ?"

"ಹೌದ್ರಿ. ತಪ್ಪಾತ್ರಿ. ತಡಕೊಳ್ಳಾಕ ಆಗ್ಲಿಲ್ರಿ."

"ಅಯ್ಯ ಶಿವನ! ದೇವರಿಗಿಂತ ಮೊದಲ ನಿನ್ನ ಮೂಗಿಗೆ ಬೇಕಾತೇನ? ನಿಮ್ಮವ್ವ ಇಷ್ಟೂ ಕಲಿಸಿಲ್ಲೇನ? ಎಮ್ಮೀನೂ ಹೂವಿಗೆ ಬಾಯಿ ಹಾಕೂದಕ್ಕ ಮೊದಲ ಈ ಕಡೆ ಆ ಕಡೆ ನೋಡತೈತಿ!"

ಅವ್ವ ಬೈದೇ ಬೈದಳು. ರೊಟ್ಟಿ ಸೀದಾಗ ನನಗೆ ಬೀಳುವ ಬೈಗುಳವೇ ಅದು, ಮನೆಯವರಿಗೆ ಬೀಳುವಂಥದ್ದು. ಅಣ್ಣ ಹಗ್ಗವನ್ನು ಗೂಟಕ್ಕೆ ಸುತ್ತಿದ. ವೈನಿ ಅಳುತ್ತಾ ಎಲ್ಲಕ್ಕೂ ಹೌದ್ರಿ, ಹೌದ್ರಿ ಎನ್ನುತ್ತಿದ್ದಳು.

ಬೈದು ಸುಸ್ತಾದ ಅವ್ವ ಗಿಡದ ಬಳಿ ಹೋದಳು. ಹೇಗೂ ಎಂಜಲಾದ ಹೂವು. ಗೋಡೆಯಾಚೆ ಸಿದ್ದವ್ವ ಇದ್ದಾಳೇ ಎಂದು ನೋಡಿ, ಬಾಗಿ ಮೂಸಿದಳು. ಹೊತ್ತಾದರೂ ಏಳಲಿಲ್ಲ. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದಳು:

"ಖರೇ ಹೇಳು, ಇದಕ್ಕ ಅತ್ತರ ಹಚ್ಚಿಲ್ಲಲ್ಲಾ?"